ಬುಡದ ಹೆಗಲು

ಮರ ಹೊರುವವರಲ್ಲಿ ಎರಡು ಜಾತಿ. ಬುಡದವರು, ತುದಿಯವರು. ಮೂರನೆಯದೂ ಒಂದಿದೆ, ಅದರಲ್ಲಿ ಇರುವವನು ಒಬ್ಬನೇ. ಅವನು ಹೊರುವುದಿಲ್ಲ. ಕೂಗುತ್ತಾನೆ.

ಈ ಕಥೆ ಆ ಕೂಗುವವನದು. ಹೊತ್ತವರು ಇದನ್ನು ಒಂದು ಬಗೆಯಾಗಿ ಹೇಳುತ್ತಾರೆ, ತೊಗಟೆ ಸುಲಿಯುವ ಹೆಂಗಸರು ಇನ್ನೊಂದು ಬಗೆಯಾಗಿ. ದಿಮ್ಮಿ ಎಷ್ಟು ದಪ್ಪವಿತ್ತು ಎಂಬುದರಲ್ಲಿ ಅವರವರಲ್ಲೇ ಜಗಳವಿದೆ. ಆದರೆ ಅವನ ಹೊಟ್ಟೆಕಿಚ್ಚಿನ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಅವನಿಗೂ ಇರಲಿಲ್ಲ.

ಬೆಟ್ಟದ ಮೇಲೆ ಕಡಿದ ಮರವನ್ನು ಕೆಳಗಿನ ಗರಗಸದ ಮಿಲ್ಲಿಗೆ ತರಬೇಕು. ಇಳಿಜಾರು ಕಡಿದಾದದ್ದು, ಲಾರಿ ಹತ್ತುವುದಿಲ್ಲ. ದಿಮ್ಮಿಗೆ ಅಲ್ಲಲ್ಲಿ ಹಗ್ಗ ಸುತ್ತಿ, ಆ ಹಗ್ಗದ ಕುಣಿಕೆಯೊಳಗೆ ಅಡ್ಡೆಯೆಂಬ ಗಟ್ಟಿ ಕೋಲು ತೂರಿಸಿ, ಒಂದೊಂದು ಅಡ್ಡೆಗೆ ಆಚೆಗೊಬ್ಬ ಈಚೆಗೊಬ್ಬ ಹೆಗಲು ಕೊಡಬೇಕು. ತುದಿಯ ಅಡ್ಡೆ ಹೊತ್ತವನು ಸಂಜೆ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬಲ್ಲ. ಬುಡದ ಅಡ್ಡೆ ಹೊತ್ತವನು ತಟ್ಟೆಯನ್ನು ಎತ್ತಿಕೊಂಡರೆ ಹೆಚ್ಚು. ಒಬ್ಬ ಕಾಲು ಎತ್ತುವಾಗ ಇನ್ನೊಬ್ಬ ಊರಿದರೆ ದಿಮ್ಮಿ ತೂಗಾಡುತ್ತದೆ. ತೂಗಾಡುವ ದಿಮ್ಮಿಗೆ ಕೆಳಗೆ ಯಾರಿದ್ದಾರೆಂಬ ಗೊಡವೆಯಿಲ್ಲ. ಆದ್ದರಿಂದ ಎಲ್ಲರ ಹೆಜ್ಜೆಯನ್ನೂ ಒಂದು ಮಾಡಲು ಒಬ್ಬ ಪಕ್ಕದಲ್ಲಿ ನಡೆಯುತ್ತ ಸೊಲ್ಲು ಹೇಳುತ್ತಾನೆ.

"ಎತ್ತಪ್ಪ ಎತ್ತು!"

"ಐಸಾ!"

"ಮಾವನ ಮಗಳ ನೆನೆಸ್ಕೊಂಡೆತ್ತು!"

"ಐಸಾ!"

"ಮಾವನ್ನ ಮರ್ತು ಮುಂದಕ್ಕೊತ್ತು!"

"ಐಸಾ!"

ಹೀಗೆ. ಅವನನ್ನು ಎಲ್ಲರೂ ಸೊಲ್ಲುಗಾರ ಎಂದೇ ಕರೆಯುತ್ತಿದ್ದರು. ಎದೆ ಅಗಲ, ಹೊಟ್ಟೆ ಸ್ವಲ್ಪ ಮುಂದೆ, ಕುತ್ತಿಗೆಗೆ ಯಾವಾಗಲೂ ಒಂದು ಉಣ್ಣೆಯ ಬಟ್ಟೆ. ಗಂಟಲಿಗೆ ಥಂಡಿ ಆಗಬಾರದಲ್ಲ. ಅವನು ಕೆಮ್ಮಿದರೂ ಹೆಗಲುಗಳೆಲ್ಲ ನಿಲ್ಲುತ್ತಿದ್ದವು. ಹೊರುವವರು ಬಯಲಿನಲ್ಲಿ ಕುಳಿತು ಉಣ್ಣುತ್ತಿದ್ದರು; ಅವನು ಮೇಸ್ತ್ರಿಯ ಜೊತೆ ತಗಡಿನ ಶೆಡ್ಡಿನೊಳಗೆ. ಅವನ ಅಪ್ಪ ಬುಡದವನಾಗಿದ್ದ. ಅಪ್ಪನ ಕತ್ತಿನ ಬುಡದಲ್ಲಿ ಎಳೆಗರುವಿನ ಡುಬ್ಬದ ಹಾಗೆ ಜಡ್ಡು ಬೆಳೆದಿತ್ತು. ಸತ್ತಾಗ ಹೆಣವನ್ನು ಅಂಗಾತ ಮಲಗಿಸಲು ಆಗಲಿಲ್ಲ. ಪಕ್ಕಕ್ಕೆ ಹೊರಳಿಸಿಯೇ ಮಣ್ಣು ಮಾಡಿದರು. ಆ ದಿನ ಸೊಲ್ಲುಗಾರ ಒಂದು ನಿಶ್ಚಯ ಮಾಡಿದ. ಗಂಟಲು ಹರಿದುಹೋಗಲಿ, ಹೆಗಲು ಮಾತ್ರ ಕೊಡುವುದಿಲ್ಲ. ಅವನ ಹೆಗಲು ಮದುಮಗನ ಹೆಗಲಿನಂತೆ ನುಣ್ಣಗಿತ್ತು. ಅದನ್ನು ಉಳಿಸಿಕೊಳ್ಳುವುದೇ ಅವನ ಬದುಕಾಗಿತ್ತು.

ಹೀಗಿರುವಾಗ ಬೆಟ್ಟದವರು ಬಂದರು.

ಬಂದರು ಎಂದರೆ ತಪ್ಪು. ಅವರು ಇದ್ದರು. ಬೆಟ್ಟ ಅವರದಾಗಿತ್ತು. ಕಂಪನಿಗೆ ಬೆಟ್ಟ ಬೇಕಾಯಿತು. ಕೊಳ್ಳುವುದಕ್ಕೆ ಒಬ್ಬ ಯಜಮಾನ ಬೇಕಲ್ಲ? ಅಧಿಕಾರಿಗಳು ಮೇಲೆ ಹತ್ತಿ, "ನಿಮ್ಮ ಮುಖ್ಯಸ್ಥ ಯಾರು?" ಎಂದು ಕೇಳಿದರು. ಬೆಟ್ಟದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವುದರಲ್ಲಿ ಮುಖ್ಯ, ಎಂದು ಒಬ್ಬಳು ಕೇಳಿದಳು. ಜೇನು ಇಳಿಸುವುದರಲ್ಲೋ, ಹೆರಿಗೆ ಮಾಡಿಸುವುದರಲ್ಲೋ? ಅಧಿಕಾರಿಗಳಿಗೆ ಸಿಟ್ಟು ಬಂತು. ಮರದ ನೆರಳಲ್ಲಿ ಕುಳಿತಿದ್ದ ಒಬ್ಬ ಮುದುಕನಿಗೆ ಕೋಟು ತೊಡಿಸಿದರು. ನೀನೇ ಮುಖ್ಯಸ್ಥ ಎಂದರು. ಹೆಬ್ಬೆಟ್ಟು ಒತ್ತಿಸಿಕೊಂಡರು. ಮುದುಕನಿಗೆ ಕೋಟು ಬೆಚ್ಚಗಿತ್ತು. ಅಷ್ಟು ಅವನಿಗೆ ಅರ್ಥವಾಯಿತು. ಆಮೇಲೆ ಬೇಲಿ ಬಂತು. ಗುಡಿಸಲು ಕಿತ್ತರು. ಬೆಟ್ಟದವರು ಕೇಳಿದಾಗ, ನಿಮ್ಮ ಮುಖ್ಯಸ್ಥನೇ ಬೆಟ್ಟ ಕೊಟ್ಟಿದ್ದಾನಲ್ಲ ಎಂದರು ಅಧಿಕಾರಿಗಳು.

"ಕೋಟು ಕೊಟ್ಟಿರ್ಬೇಕು. ನಾವ್ ಕೊಟ್ಟಿಲ್ಲ," ಎಂದರು ಬೆಟ್ಟದವರು. ಅದನ್ನು ಬರೆದುಕೊಳ್ಳಲು ಯಾರೂ ಸಿದ್ಧರಿರಲಿಲ್ಲ.

ಹಸಿವು ಅವರನ್ನು ಮಿಲ್ಲಿನ ಗೇಟಿಗೆ ತಂದು ನಿಲ್ಲಿಸಿತು. ಅರ್ಧ ಕೂಲಿ. ಬುಡದ ಅಡ್ಡೆ. ಕುಡಿಯಲು ಬೇರೆ ಡ್ರಮ್ಮು, ಅದಕ್ಕೆ ಮುಚ್ಚಳವಿರಲಿಲ್ಲ. ತಮ್ಮ ಮನೆಯ ಹಿಂದಿನ ಮರವನ್ನು, ತಮ್ಮ ತೊಟ್ಟಿಲು ತೂಗಿದ ಕೊಂಬೆಯನ್ನು, ತಾವೇ ಹೊತ್ತು ತಂದು ಗರಗಸದ ಬಾಯಿಗೆ ಇಡಬೇಕು. ಅದುವರೆಗೆ ಬುಡ ಹೊರುತ್ತಿದ್ದ ಕೆಳಗಿನ ಬಯಲಿನವರಿಗೆಲ್ಲ ತುದಿಗೆ ಬಡ್ತಿ ಸಿಕ್ಕಿತು. ತಮಗಿಂತ ಕೆಳಗೆ ಒಬ್ಬರು ಸಿಕ್ಕರೆಂದು ಅವರು ಮೊದಲ ವಾರ ಬಹಳ ಹಗುರವಾಗಿದ್ದರು. ಯಾರನ್ನು ಯಾವ ಅಡ್ಡೆಗೆ ನಿಲ್ಲಿಸಬೇಕೆಂದು ಹೇಳುತ್ತಿದ್ದವನು ಸೊಲ್ಲುಗಾರನೇ. ಬೆಟ್ಟದ ಹೆಂಗಸೊಬ್ಬಳನ್ನೂ ಅವನು ಬುಡಕ್ಕೇ ನಿಲ್ಲಿಸಿದ. ನಡುವಯಸ್ಸು, ಕುಳ್ಳು, ಚಪ್ಪಟೆ ಪಾದ. ಜೊತೆಗೆ ಅವಳ ತಮ್ಮ, ಇಬ್ಬರು ಮಕ್ಕಳ ತಂದೆ.

"ಹೆಂಗ್ಸು ಕಣೋ ಅದು," ಎಂದ ತುದಿಯ ಒಬ್ಬ.

"ಬೆಟ್ಟದೋರಲ್ಲಿ ಗಂಡ್ಸು ಹೆಂಗ್ಸು ಏನೋ? ಎಲ್ಲಾ ಒಂದೇ ಕಟ್ಟಿಗೆ," ಎಂದ ಸೊಲ್ಲುಗಾರ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವಳು ನಕ್ಕದ್ದು ಅವನಿಗೆ ಹಿಡಿಸಲಿಲ್ಲ.

ಮೊದಲ ದಿಮ್ಮಿ. ಅವನು ಬಟ್ಟೆ ಸಡಿಲಿಸಿ, ಕಾಲು ಅಗಲಿಸಿ ನಿಂತು, ಎದೆ ತುಂಬ ಉಸಿರು ಎಳೆದುಕೊಂಡ. ಇನ್ನು ಕೂಗಬೇಕು. ಅಷ್ಟರಲ್ಲಿ ದಿಮ್ಮಿ ಎದ್ದಿತ್ತು.

ಸದ್ದಿಲ್ಲದೆ ಎದ್ದಿತ್ತು. ಬುಡದ ಕಡೆಯಿಂದ ಸಣ್ಣದೊಂದು ಉಸಿರು ಕೇಳಿಸಿತು: "ಹ್ಞೂಂ." ಅಷ್ಟೇ. ಆ ಹೆಂಗಸಿನದು. ಬೆಟ್ಟದವರೆಲ್ಲ ಅದರ ಮೇಲೆ ಎದ್ದರು. ಅವರ ಜೊತೆಗೆ, ಏನಾಯಿತೆಂದು ತಿಳಿಯುವ ಮೊದಲೇ, ತುದಿಯವರೂ ಎದ್ದರು. ಸೊಲ್ಲುಗಾರನ ಬಾಯಿ ತೆರೆದೇ ಇತ್ತು.

"ನಾನಿನ್ನೂ ಕೂಗೇ ಇಲ್ಲ! ಯಾರು ಎತ್ತು ಅಂದೋರು?"

"ತಮ್ಮನ ಮೊಣಕಾಲು ಸಿದ್ಧ ಆಯ್ತು ಅಣ್ಣಾ. ಎತ್ತಿದ್ವಿ," ಎಂದಳು ಅವಳು ಅಡ್ಡೆಯ ಕೆಳಗಿನಿಂದ.

"ಸೊಲ್ಲು ಹೇಳೋನು ನಾನು!"

"ಹೇಳು. ಚೆನ್ನಾಗೇ ಹೇಳ್ತೀಯ. ಆದ್ರೆ ನೀನು ಹೊತ್ತಿಲ್ವಲ್ಲ, ಭಾರ ನಿಂಗೆ ಹ್ಯಾಗೆ ಗೊತ್ತಾಗ್ಬೇಕು?"

ಕುಹಕವಿರಲಿಲ್ಲ ಮಾತಿನಲ್ಲಿ. ಬೆಟ್ಟದವರು ಮ್ಯಾನೇಜರನನ್ನೂ ನೀನು ಎನ್ನುತ್ತಿದ್ದರು, ನಾಯಿಯನ್ನೂ ನೀನು ಎನ್ನುತ್ತಿದ್ದರು. ಅವಳು ನಿಜವಾಗಿಯೂ ತಿಳಿಯಲು ಕೇಳಿದ್ದಳು. ಅದೇ ಅವನ ಕರುಳಿಗೆ ಕೈ ಹಾಕಿತು. ಬೈದಿದ್ದರೆ ಬೈದು ಮುಗಿಸಬಹುದಿತ್ತು.

ಬೆಟ್ಟದವರ ರೀತಿ ಹೀಗಿತ್ತು. ಭಾರ ಹೊರುವಾಗ ಅವರಲ್ಲಿ ಯಾರೂ ಕೂಗುವವರಿಲ್ಲ. ಯಾರಿಗೆ ಹೆಚ್ಚು ನೋವೋ ಅವರು ಉಸಿರು ಬಿಡಬೇಕು. ಉಳಿದವರು ಆ ಉಸಿರಿಗೆ ಹೆಜ್ಜೆ ಹಾಕಬೇಕು. ಒಂದು ತಿರುವಿನಲ್ಲಿ ಅವಳಿಗೆ ನೋವು, ಮುಂದಿನ ತಿರುವಿನಲ್ಲಿ ಇನ್ನೊಬ್ಬನಿಗೆ. ನೋವು ದಾಟಿದಂತೆ ಉಸಿರೂ ದಾಟುತ್ತಿತ್ತು. "ನಿಲ್ಲಿ" ಎನ್ನುವ ಹಕ್ಕು ಎಲ್ಲರಿಗಿಂತ ಬಲಹೀನನಿಗೆ ಮೊದಲು. ಅವನು ನಿಲ್ಲಿ ಎಂದರೆ ಬಲವಂತನೂ ನಿಲ್ಲಬೇಕು. ಬೇಲಿಗೆ ಮುಂಚೆ, ಬೆಟ್ಟದ ಮೇಲೆ, ಅವರು ಎಲ್ಲ ಮಾತನ್ನೂ ಹೀಗೆಯೇ ತೀರ್ಮಾನಿಸುತ್ತಿದ್ದರಂತೆ. ಕೋಟಿನ ಅಧಿಕಾರಿಗಳಿಗೆ ಮುಖ್ಯಸ್ಥ ಸಿಗದೇ ಹೋದದ್ದು ಇದರಿಂದಲೇ.

ಮೂರನೆಯ ದಿಮ್ಮಿಯ ಹೊತ್ತಿಗೆ ತುದಿಯವರು ಸೊಲ್ಲಿಗೆ ಬಾಯಲ್ಲಿ ಐಸಾ ಎನ್ನುತ್ತ, ಕಾಲಲ್ಲಿ ಬುಡದ ಉಸಿರನ್ನು ಅನುಸರಿಸುತ್ತಿದ್ದರು. ಸೊಲ್ಲುಗಾರನ ಕಣ್ಣು ಆ ಕಾಲುಗಳ ಮೇಲೇ ಇತ್ತು. ಹೆಂಡತಿ ಪರಪುರುಷನ ಜೊತೆ ನಗುವುದನ್ನು ಕಂಡವನ ಹಾಗೆ ಅವನು ಆ ಕಾಲುಗಳನ್ನು ನೋಡಿದ.

ವಾರ ಕಳೆಯುವುದರೊಳಗೆ ಎಲ್ಲರೂ ಅವಳನ್ನು ಅಕ್ಕ ಎನ್ನತೊಡಗಿದರು. ಬುಡದಕ್ಕ. ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿ ಬಂದದ್ದು. ಅವನನ್ನು ಇಷ್ಟು ವರ್ಷದಲ್ಲಿ ಯಾರೂ ತಾನಾಗಿ ಅಣ್ಣ ಎಂದಿರಲಿಲ್ಲ. ಅವಳೊಬ್ಬಳನ್ನು ಬಿಟ್ಟು.

ಮನೆಯಲ್ಲೂ ನೆಮ್ಮದಿಯಿಲ್ಲ. ಅವನ ಹೆಂಡತಿ ಮಿಲ್ಲಿನ ಶೆಡ್ಡಿನಲ್ಲಿ ತೊಗಟೆ ಸುಲಿಯುವವಳು. ಸಂಜೆ ಬಂದವಳು ಬೆರಳುಗಳಿಗೆ ಎಣ್ಣೆ ಸವರುತ್ತ ಹೇಳಿದಳು:

"ಅಕ್ಕ ಇವತ್ತು ತೊಗಟೆ ಸುಲಿಯೋದು ತೋರಿಸಿಕೊಟ್ಳು ಕಣ್ರೀ. ಉಗುರು ಕೀಳೋದೇ ಇಲ್ಲ. ಮೊದ್ಲು ಬಡೀಬೇಕಂತೆ, ಆಮೇಲೆ ಎಳೀಬೇಕಂತೆ."

"ಯಾವಕ್ಕ? ನಿಂಗೆ ಅಕ್ಕ ಯಾವಾಗ ಹುಟ್ಟಿದ್ಳು?"

"ಓಹೋ. ಹೊಗೆ ಬರ್ತಿದೆ. ಒಲೆ ಇನ್ನೂ ಹಚ್ಚೇ ಇಲ್ಲವಲ್ಲ, ಎಲ್ಲಿಂದಪ್ಪಾ ಅಂತ ನೋಡ್ತಿದ್ದೆ."

"ಬಾಯಿ ಮುಚ್ಚು."

"ನಾನು ಮುಚ್ತೀನಿ. ನಿಮ್ದೇ ತಾನೇ ಬಾಯಿ ಬಿಟ್ಟು ತಿನ್ನೋ ಕೆಲ್ಸ." ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟು, ಗಂಭೀರವಾಗಿ ಕೇಳಿದಳು. "ಆಯಮ್ಮನ ಹೆಗಲು ನೋಡಿದೀರಾ? ರವಿಕೆ ಚರ್ಮಕ್ಕೆ ಅಂಟಿಹೋಗಿತ್ತು. ನೀರು ಹಾಕಿ ಬಿಡಿಸಿದ್ವಿ. ಅರ್ಧ ಕೂಲಿಗೆ, ರೀ. ನೀವೇ ಅಲ್ವಾ ಬುಡಕ್ಕೆ ನಿಲ್ಸಿದ್ದು?"

ಬುಡದಕ್ಕನ ಹೆಗಲನ್ನು ತನ್ನ ಹೆಂಡತಿ ಮುಟ್ಟಿದ್ದಾಳೆ ಎಂಬುದಷ್ಟೇ ಅವನ ತಲೆಯಲ್ಲಿ ಉಳಿಯಿತು.

ತುದಿಯ ಅಡ್ಡೆಯಲ್ಲಿ ಮೊಳೆಯವನು ಎಂಬೊಬ್ಬ ಇದ್ದ. ಮೊದಲು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು. ಮುಷ್ಕರದ ಕರಪತ್ರ ಅಚ್ಚು ಹಾಕಿದ್ದಕ್ಕೆ ಕೆಲಸ ಹೋಗಿ ಇಲ್ಲಿ ಹೆಗಲಿಗೆ ಬಿದ್ದವನು. ಕನ್ನಡಕಕ್ಕೆ ದಾರ ಕಟ್ಟಿಕೊಂಡು ಹೊರುತ್ತಿದ್ದ. ಸೊಲ್ಲುಗಾರ ಅವನನ್ನು ಡ್ರಮ್ಮಿನ ಹತ್ತಿರ ಹಿಡಿದು ನಿಲ್ಲಿಸಿದ.

"ನೀನು ಓದಿದೋನು. ಇದೆಂಥ ಪದ್ಧತಿಯಯ್ಯಾ ಅವರದ್ದು? ಹೇಳೋರಿಲ್ಲ ಕೇಳೋರಿಲ್ಲ."

ಮೊಳೆಯವನು ಕನ್ನಡಕ ಒರೆಸಿಕೊಂಡ. "ಅದಕ್ಕೊಂದು ಹೆಸರಿದೆ. ಅರಾಜಕವಾದ. ಒಡೆಯ ಇಲ್ದೆ, ಸರ್ಕಾರ ಇಲ್ದೆ, ಜನ ತಾವೇ ಕೂಡಿ ಬಾಳೋದು. ಅದರ ಮೇಲೆ ನಾನು ಕಪಾಟು ತುಂಬ ಓದಿದೀನಿ. ದೊಡ್ಡ ದೊಡ್ಡ ಊರಲ್ಲಿ ಸಭೆ ಮಾಡ್ತಾರೆ, ವಾದ ಮಾಡ್ತಾರೆ, ಎರಡು ಗುಂಪಾಗಿ ಹೊಡೆದಾಡ್ತಾರೆ. ನಮ್ಮ ಸಭೇಲಿ ಯಾರು ಅಧ್ಯಕ್ಷ ಆಗ್ಬೇಕು ಅಂತಲೇ ಎರಡು ಸಂಜೆ ಹೋಯ್ತು ಒಂದ್ಸಲ."

"ಅಧ್ಯಕ್ಷ ಬೇಡ ಅನ್ನೋರ ಸಭೇಲಾ?"

"ಅದೇ ಮತ್ತೆ. ಇವರು ಒಂದಕ್ಷರ ಓದ್ದೆ ಹೆಗಲ ಮೇಲೆ ಮಾಡಿ ತೋರಿಸ್ತಾರೆ." ಮೊಳೆಯವನು ನೀರು ಕುಡಿದು ಲೋಟ ಇಟ್ಟ. "ನಂಗೂ ಹೊಟ್ಟೆಕಿಚ್ಚೇ ಕಣಯ್ಯಾ. ನೀನೊಬ್ನೇ ಅಂದ್ಕೋಬೇಡ. ಆದ್ರೆ ನಂದು ಕಲೀಬೇಕು ಅನ್ನೋ ಕಿಚ್ಚು. ನಿಂದು ನಂದಿಸ್ಬೇಕು ಅನ್ನೋ ಕಿಚ್ಚು."

"ಯಜಮಾನ ಇಲ್ದಿದ್ರೆ ಸೊಲ್ಲು ಯಾರು ಹೇಳ್ತಾರೆ?"

"ಅದೇ ನಿನ್ನ ಭಯ," ಎಂದು ಮೊಳೆಯವನು ಅಡ್ಡೆಗೆ ಹೋದ.

ಅದೇ ಅವನ ಭಯವಾಗಿತ್ತು. ಮೇಸ್ತ್ರಿ ಒಮ್ಮೆ ತಮಾಷೆಗೆಂಬಂತೆ ಅಂದಿದ್ದ: "ಏನಯ್ಯಾ, ನೀನಿಲ್ದೇನೂ ಮರ ಇಳಿಯೋ ಹಂಗಿದೆ. ನಿಂಗೂ ಒಂದು ಅಡ್ಡೆ ಕೊಡೋಣ್ವಾ?" ಆ ಮಾತು ಕೇಳಿದ ಮೇಲೆ ಸೊಲ್ಲುಗಾರ ಪಕ್ಕಕ್ಕೆ ಹೊರಳಿ ಮಲಗುವುದನ್ನೇ ಬಿಟ್ಟ. ಹಾಗೆ ಮಲಗಿದರೆ ಅಪ್ಪನ ನೆನಪು.

ಮಳೆ ಹನಿದು ನಿಂತ ಒಂದು ಬೆಳಿಗ್ಗೆ ಮ್ಯಾನೇಜರು ಇಳಿಜಾರಿನ ಕೆಳಗೆ ಛತ್ರಿ ಹಿಡಿದು ಬಂದು ನಿಂತ. ಮೇಲೆ ಬೆಟ್ಟದ ಅತಿ ದೊಡ್ಡ ಮರ ಉರುಳಿತ್ತು. ಮಣ್ಣು ಬೆಣ್ಣೆಯಾಗಿತ್ತು. ಸೊಲ್ಲುಗಾರ ಎಲ್ಲರನ್ನೂ ನಿಲ್ಲಿಸಿ ಹೇಳಿದ:

"ಕೇಳ್ಕೊಳ್ಳಿ. ಇವತ್ತಿಂದ ನನ್ನ ಸೊಲ್ಲು ಬಿಟ್ಟು ಬೇರೆ ಸದ್ದು ಬರಕೂಡ್ದು. ಹ್ಞೂಂ ಅನ್ನೋದು, ನರಳೋದು, ಒಂದೂ ಇಲ್ಲ. ಸದ್ದು ಮಾಡಿದೋರು ಗೇಟಿಂದಾಚೆ."

"ನೋವಾದ್ರೆ?" ಎಂದಳು ಬುಡದಕ್ಕ.

"ನುಂಗ್ಕೋ."

ಅವಳು ತನ್ನವರನ್ನು ನೋಡಿದಳು. ಮಕ್ಕಳ ಹಸಿವು ಎಲ್ಲರ ಮುಖದಲ್ಲಿತ್ತು. ಹೆಗಲು ಕೊಟ್ಟರು.

ಆ ದಿನ ಅವನು ಕೂಗಿದ್ದನ್ನು ಕೇಳಿದವರು ಇಂದಿಗೂ ಹೊಗಳುತ್ತಾರೆ. ಅಂಥ ದನಿ ಅವನ ಗಂಟಲಿನಿಂದಲೂ ಹಿಂದೆಂದೂ ಬಂದಿರಲಿಲ್ಲ. ಇಳಿಜಾರಿನ ಆಚೆಗೂ ಅದು ಹೋಗಿ ಮರಳಿ ಬಂತು. ಮ್ಯಾನೇಜರು ಛತ್ರಿಯನ್ನು ಓರೆ ಮಾಡಿ ಮೇಲೆ ನೋಡಿದ. ಅದನ್ನು ಕಂಡು ಸೊಲ್ಲುಗಾರ ವೇಗ ಏರಿಸಿದ. ಎತ್ತು ಅಂದ. ಒತ್ತು ಅಂದ. ಮಾವನ ಮಗಳನ್ನು ಕರೆದ. ಐಸಾ, ಐಸಾ. ಹೆಜ್ಜೆಗಳು ಓಡತೊಡಗಿದವು. ತಿರುವಿನಲ್ಲಿ ಬುಡದಕ್ಕನ ತಮ್ಮನ ಕಾಲು ಜಾರಿತು. ಅವನು ಉಸಿರು ಬಿಟ್ಟ. ಬುಡದಕ್ಕ "ನಿಲ್ಲಿ" ಎಂದಳು. ಸೊಲ್ಲುಗಾರನಿಗೆ ಕೇಳಿಸಿತು. ಅವಳ ದನಿ ಎಂಬುದೂ ತಿಳಿಯಿತು. ಅದರ ಮೇಲೆಯೇ, ಅದು ಮುಚ್ಚಿಹೋಗುವಷ್ಟು ಜೋರಾಗಿ, ಅವನು ಕೂಗಿದ.

"ಮುಂದಕ್ಕೊತ್ತು!"

ತುದಿಯವರು ಒತ್ತಿದರು.

ದಿಮ್ಮಿ ಬಿದ್ದ ಸದ್ದು ದೊಡ್ಡದಾಗಿರಲಿಲ್ಲ. ಕೆಳಗೆ ಮೆತ್ತಗಿತ್ತಲ್ಲ. ತಮ್ಮನ ಮೊಣಕಾಲಿನಿಂದ ಕೆಳಗಿನದು ಮರದ ಅಡಿಯಲ್ಲಿತ್ತು.

ಹೊರತೆಗೆದರು. ಹೆಂಗಸರು ಸೀರೆ ಹರಿದು ಕಟ್ಟಿದರು. ಮ್ಯಾನೇಜರು ಹತ್ತಿರ ಬರಲಿಲ್ಲ, ಬೂಟಿಗೆ ಕೆಸರು. ಅಲ್ಲಿಂದಲೇ ಕೇಳಿದ:

"ಸೊಲ್ಲು ಸರಿ ಇತ್ತೇನಯ್ಯಾ?"

ಸೊಲ್ಲುಗಾರ ಕುತ್ತಿಗೆಯ ಬಟ್ಟೆ ಬಿಗಿ ಮಾಡಿಕೊಂಡ. "ಸರಿ ಇತ್ತು ಸಾರ್."

"ಅಂದ್ರೆ ಬುಡದವರು ಕೇಳಲಿಲ್ಲ. ಅವರದೇ ತಪ್ಪು. ಎತ್ತಿ ಆಚೆ ಹಾಕಿ."

ಆಚೆ ಹಾಕಿದರು. ಗೇಟಿನ ಹೊರಗೆ, ಗೋಡೆಯ ಬುಡಕ್ಕೆ, ಗೋಣಿಯ ಮೇಲೆ. ಆಸ್ಪತ್ರೆಗೆ ಮಿಲ್ಲಿನ ಗಾಡಿ ಕೊಡಲಿಲ್ಲ. ತಪ್ಪು ಮಾಡಿದವನಿಗೆ ಗಾಡಿ ಕೊಟ್ಟರೆ ಎಲ್ಲರೂ ಕಾಲು ಮುರಿದುಕೊಳ್ಳುತ್ತಾರೆ ಎಂದರು. ಹೆಗಲ ಮೇಲೆ ಹೊತ್ತೊಯ್ಯಲು ಬೆಟ್ಟದವರು ಹೊರಟರೆ, ಕೆಲಸ ಬಿಟ್ಟು ಗೇಟು ದಾಟಿದವರು ಮರಳಿ ಬರಬೇಡಿ ಎಂದರು. ತಮ್ಮನೇ ಬೇಡವೆಂದ. "ಮಕ್ಕಳಿಗೆ ಹಿಟ್ಟು ತನ್ನಿ ಮೊದ್ಲು," ಎಂದ.

ಮರುದಿನ ಬೆಳಿಗ್ಗೆ ಅದೇ ದಿಮ್ಮಿ, ತಮ್ಮನ ಮೇಲಿಂದ ಸರಿಸಿದಾಗ ತಿರುವಿನಿಂದ ಉರುಳಿದ್ದು, ಅಂಗಳದ ಅಂಚಿಗೆ ಬಂದು ನಿಂತಿತ್ತು. ಗರಗಸಕ್ಕೆ ಇನ್ನು ಸ್ವಲ್ಪವೇ ದೂರ. ಅಡ್ಡೆಗಳನ್ನು ತೂರಿಸಿದ್ದರು. ಬೆಟ್ಟದವರು ಬಂದರು. ಹೆಗಲು ಕೊಡಲಿಲ್ಲ. ದಿಮ್ಮಿಯ ಮೇಲೆ ಕುಳಿತರು.

ಕೂಗಲಿಲ್ಲ, ಕೈ ಎತ್ತಲಿಲ್ಲ. ಕುಳಿತರು, ಅಷ್ಟೇ. ಅವರಿಗದು ತಮ್ಮ ಮನೆಯ ಮರ; ಬೇಲಿ ಬರುವವರೆಗೂ ಅದರ ಬೇರಿನ ಮೇಲೆ ಹೀಗೆಯೇ ಕೂರುತ್ತಿದ್ದರು.

ಹೊರುವವರ ಸಂಘದ ಅಧ್ಯಕ್ಷನಿಗೆ ಯಾರೋ ಹೇಳಿಕಳಿಸಿದರು. ಅವನು ಸ್ಕೂಟರಿನಲ್ಲಿ ಬಂದು, ಇಂಜಿನ್ನು ಆರಿಸದೆಯೇ ಹೇಳಿದ: "ಬೆಟ್ಟದೋರು ನಮ್ಮ ಸದಸ್ಯರಲ್ಲ. ಅವರದ್ದು ಕಾಡಿನ ವಿಷಯ, ನಮ್ಮದು ಕೂಲಿ ವಿಷಯ. ಎರಡನ್ನೂ ಕಲಸಬೇಡಿ. ತುದಿಯೋರು ಕೆಲಸಕ್ಕೆ ನಿಂತ್ಕೊಳ್ಳಿ." ಹೊಗೆ ಬಿಟ್ಟು ಹೋದ.

ತುದಿಯವರು ನಿಂತರು. ಆದರೆ ಬುಡವಿಲ್ಲದೆ ತುದಿ ಏನನ್ನು ಎತ್ತುತ್ತದೆ? ಮೊದಲು ಮೊಳೆಯವನು ಹೋಗಿ ದಿಮ್ಮಿಯ ಮೇಲೆ ಕುಳಿತ. "ನಾನೂ ಒತ್ತಿದೆ ನಿನ್ನೆ," ಎಂದ ಯಾರ ಮುಖವನ್ನೂ ನೋಡದೆ. ಬುಡದಕ್ಕ ಸರಿದು ಜಾಗ ಬಿಟ್ಟಳು. ಆಮೇಲೆ ಇನ್ನೊಬ್ಬ. ಆಮೇಲೆ ಗುಂಪು. ತೊಗಟೆಯ ಶೆಡ್ಡಿನಿಂದ ಹೆಂಗಸರು ಬಂದರು, ಕೈಯಲ್ಲಿ ಬಡಿಗೆ ಹಿಡಿದೇ. ಮುಂದೆ ಇದ್ದವಳು ಸೊಲ್ಲುಗಾರನ ಹೆಂಡತಿ. ಅವನ ಪಕ್ಕದಿಂದಲೇ ಹಾದು ಹೋದಳು. ಬುಡದಕ್ಕನ ಮಗ್ಗುಲಲ್ಲಿ, ತೊಡೆಗೆ ತೊಡೆ ತಾಗುವಂತೆ ಕುಳಿತಳು.

ಸೊಲ್ಲುಗಾರ ದಿಮ್ಮಿಯ ಕಡೆಗೆ ಎರಡು ಹೆಜ್ಜೆ ಇಟ್ಟ.

"ಏಯ್, ಏಳೇ ಅಲ್ಲಿಂದ!"

"ಜಾಗ ಇದೆ, ಬನ್ನಿ ಕೂತ್ಕೊಳ್ಳಿ," ಎಂದಳು.

"ಅವಳ ಹತ್ರ ಏನಿದೆ ಅಂತ ಎಲ್ರೂ ಅಲ್ಲಿಗೇ ಸಾಯ್ತಿದೀರಿ?"

"ನಿಲ್ಲಿ ಅಂದ್ಳು ರೀ ಆಯಮ್ಮ. ನಿಮ್ಗೆ ಕೇಳಿಸ್ತಾ?"

ಅವನು ಮುಖ ತಿರುಗಿಸಿದ. ಅಷ್ಟರಲ್ಲಿ ಮ್ಯಾನೇಜರು ಮೆಟ್ಟಿಲಿನಿಂದ ಕಿರುಚಿದ: "ನಿಂತ್ಕೊಂಡು ಏನು ನೋಡ್ತೀಯಾ? ಕೂಗು! ಅಭ್ಯಾಸಕ್ಕಾದ್ರೂ ಎದ್ದೇಳ್ತಾರೆ."

ಸೊಲ್ಲುಗಾರ ಕಾಲು ಅಗಲಿಸಿದ. ಎದೆ ತುಂಬಿಕೊಂಡ.

"ಎತ್ತಪ್ಪ ಎತ್ತು!"

ಯಾರೂ ಐಸಾ ಎನ್ನಲಿಲ್ಲ.

"ಮಾವನ ಮಗಳ ನೆನೆಸ್ಕೊಂಡೆತ್ತು!"

ಗರಗಸದವನು ಗರಗಸ ನಿಲ್ಲಿಸಿದ. ಅಂಗಳ ಇಷ್ಟು ನಿಶ್ಶಬ್ದವಾದದ್ದನ್ನು ಸೊಲ್ಲುಗಾರ ಎಂದೂ ಕೇಳಿರಲಿಲ್ಲ. ತನ್ನ ಸೊಲ್ಲನ್ನು ಮೊದಲ ಸಲ ತಾನೊಬ್ಬನೇ ಕೇಳಿಸಿಕೊಂಡ. ಬರಿಯ ಗಂಡಸಿನ ಅರಚಾಟ. ಇಷ್ಟು ವರ್ಷ ದಿಮ್ಮಿಯನ್ನು ಎತ್ತಿದ್ದು ಇದಲ್ಲ ಎಂಬುದು ಅವನಿಗೆ ತಿಳಿಯಿತು. ತಿಳಿದದ್ದಕ್ಕೆ ಸಿಟ್ಟು ಇನ್ನೂ ಹೆಚ್ಚಿತು.

ಮಧ್ಯಾಹ್ನಕ್ಕೆ ಪೊಲೀಸರ ಜೀಪು ಬಂತು. ಅಧಿಕಾರಿ ಇಳಿದು, ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ದಿಮ್ಮಿಯ ಉದ್ದಕ್ಕೂ ಒಮ್ಮೆ ನಡೆದ.

"ಇವರಲ್ಲಿ ನಾಯಕ ಯಾರು?"

ಯಾರೂ ಏಳಲಿಲ್ಲ.

"ನೋಡಿ, ಒಬ್ಬರನ್ನ ಕರ್ಕೊಂಡು ಹೋಗ್ಬೇಕು ಅಂತ ನಂಗೆ ಆರ್ಡರಾಗಿದೆ. ಇಷ್ಟೂ ಜನಾನ ಜೀಪಲ್ಲಿ ತುಂಬೋಕಾಗಲ್ಲ. ಯಾರು ಕೂರಿಸಿದ್ದು ಇವರನ್ನ?"

ಮ್ಯಾನೇಜರು ಸೊಲ್ಲುಗಾರನನ್ನು ನೋಡಿದ. ಹತ್ತಿರ ಬಂದು, ಹೆಗಲ ಮೇಲೆ ಕೈ ಇಟ್ಟ. ಆ ನುಣ್ಣನೆಯ ಹೆಗಲ ಮೇಲೆ. "ನಿಂಗೆ ಗೊತ್ತು. ಕೈ ತೋರಿಸು ಸಾಕು. ಮೇಸ್ತ್ರಿ ಮಾಡ್ತೀನಿ ನಿನ್ನ. ಇಲ್ದಿದ್ರೆ ನಾಳೆಯಿಂದ ಬುಡದ ಅಡ್ಡೆ."

ಅವನ ಕೈ ಎದ್ದಿತು. ಸುಳ್ಳು ಹೇಳುವುದೇಕೆ? ಆ ಕ್ಷಣ ಅವನಿಗೆ ಬಹಳ ಸುಖವಾಯಿತು. ಒಂದು ಬೆರಳು. ಅವಳು ಜೀಪಿಗೆ, ಅವನು ಶೆಡ್ಡಿಗೆ. ಬೆರಳು ದಿಮ್ಮಿಯ ಉದ್ದಕ್ಕೂ ಸರಿದು ಬುಡದ ಕಡೆಗೆ ಬಂತು. ಆಗ ಅವನಿಗೆ ಇನ್ನೊಂದು ಹೊಳೆಯಿತು. ತಾನು ತೋರಿಸಿದರೆ ಅವಳು ನಾಯಕಿ. ಎಲ್ಲರೆದುರು, ಸರ್ಕಾರದ ಎದುರು, ತನ್ನ ಹೆಂಡತಿಯ ಎದುರು. ಬಯಲಿನವರ ನಾಯಕಿಯೂ ಅವಳೇ. ಅದನ್ನು ಸಾರಿದವನು ತಾನು. ಹೊತ್ತವರು ಮೊಮ್ಮಕ್ಕಳಿಗೆ ಹೇಳುತ್ತಾರೆ, ಆ ಕಾಲದಲ್ಲಿ ಒಬ್ಬ ಬುಡದಕ್ಕ ಇದ್ದಳು ಎಂದು. ಸೊಲ್ಲುಗಾರನನ್ನು ಆ ಬೆರಳಿಗಾಗಿ ಮಾತ್ರ ನೆನೆಯುತ್ತಾರೆ.

ಅದನ್ನು ಅವನಿಗೆ ಸಹಿಸಲಾಗಲಿಲ್ಲ. ಬೆರಳು ಮಡಚಿ ತನ್ನ ಎದೆಗೆ ಬಡಿದುಕೊಂಡ.

"ನಾನು."

"ಏನು ನೀನು?"

"ನಾಯಕ ನಾನು. ನಾನೇ ಕೂರ್ಸಿದ್ದು."

ಅವನ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡಳು. ಆದರೂ ಬುರ್ರೆಂದು ಹೊರಬಂತು. ಪಕ್ಕದವಳಿಗೆ ಹತ್ತಿತು. ದಿಮ್ಮಿಯ ತುಂಬ ನಗು ಹರಿಯಿತು. ಅಧಿಕಾರಿ ಗೊಂದಲಗೊಂಡ. "ಇವನು ಬೆಳಿಗ್ಗೆ ತಾನೇ ಎತ್ತಿ ಎತ್ತಿ ಅಂತ ಕೂಗ್ತಿದ್ನಂತಲ್ಲ?"

ಬುಡದಕ್ಕ ನಗಲಿಲ್ಲ. "ಇಲ್ಲ ಸಾಹೇಬ, ಅಣ್ಣ ಸುಳ್ಳು ಹೇಳ್ತಾನೆ. ನೋಡು, ಅವನು ನಿಂತಿದ್ದಾನೆ. ಕೂತೋರು ನಾವು."

ಜೈಲನ್ನೂ ಅವನಿಗೆ ಬಿಟ್ಟುಕೊಡಲಿಲ್ಲ ಅವಳು.

"ಹಾಗಾದ್ರೆ ನೀನೇ ನಾಯಕಿಯಾ?"

"ನಮ್ಮಲ್ಲಿ ಆ ಕೆಲಸ ಇಲ್ಲ. ಯಾರಿಗೆ ಹೆಚ್ಚು ನೋವೋ ಅವರು ಹೇಳ್ತಾರೆ, ಮಿಕ್ಕೋರು ಕೇಳ್ತೀವಿ. ನಿನ್ನೆ ನನ್ನ ತಮ್ಮ ನರಳಿದ, ನಾನು ನಿಲ್ಲಿ ಅಂದೆ. ಯಾರೂ ಕೇಳಲಿಲ್ಲ. ಇವತ್ತು ಕೇಳಿದೀವಿ. ನಿಂಗೆ ನಾಯಕ ಬೇಕಾದ್ರೆ ಅವನೇ. ಗೋಡೆ ಹಿಂದೆ ಬಿದ್ದಿದ್ದಾನೆ. ಕರ್ಕೊಂಡು ಹೋಗು."

ಅಧಿಕಾರಿ ಗೇಟಿನ ಹೊರಗೆ ಹೋಗಿ ನೋಡಿದ. ಮರಳಿ ಬರುವಾಗ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಿದ್ದ. "ನಿನ್ನೆಯಿಂದ ಹೀಗೇ ಬಿದ್ದಿದ್ದಾನಾ? ಹ್ಯಾಗಾಯ್ತಿದು?"

"ಅವನದೇ ತಪ್ಪು," ಎಂದ ಮ್ಯಾನೇಜರು ಅವಸರವಾಗಿ. "ಸೊಲ್ಲು ಕೇಳಲಿಲ್ಲ. ಬೇಕಾದ್ರೆ ಇವನನ್ನ ಕೇಳಿ. ಸಾಕ್ಷಿ ಇದ್ದಾನೆ. ಹೇಳಯ್ಯಾ, ಸೊಲ್ಲು ಸರಿ ಇತ್ತು ಅಂತ."

ಎಲ್ಲರೂ ಅವನ ಕಡೆ ತಿರುಗಿದರು. ಅಂಗಳದ ನಡುವೆ ಅವನೊಬ್ಬನೇ ನಿಂತಿದ್ದ. ಹೆಂಡತಿ ಅವಳ ಪಕ್ಕದಲ್ಲಿ. ಗುಂಪು ಅವಳ ಪಕ್ಕದಲ್ಲಿ. ನೋವು ಅವಳ ತಮ್ಮನದು. ಮರ ಅವಳದು. ನಾಯಕತನ ಬೇಡವೆಂಬ ದೊಡ್ಡತನವೂ ಅವಳದೇ. ತನ್ನದು ಎಂದು ಏನು ಉಳಿಯಿತು ಎಂದು ಅವನು ತಡಕಾಡಿದ. ಒಂದು ಸಿಕ್ಕಿತು. ಅದನ್ನು ಅವಳು ಹೊರಲಾರಳು. ಹೊರಲು ಅವನು ಬಿಡುವುದೂ ಇಲ್ಲ.

"ಸೊಲ್ಲು ನಂದು," ಎಂದ. ದನಿ ಕೀರಲಾಗಿತ್ತು. "ತಪ್ಪೂ ನಂದೇ. ಬುಡದೋರದ್ದಲ್ಲ. ನಿಲ್ಲಿ ಅಂದಿದ್ದು ನಂಗೆ ಕೇಳಿಸ್ತು. ಅವಳ ದನಿ ಅಂತ ಅದರ ಮೇಲೇ ಕೂಗ್ದೆ. ಈ ಮನುಷ್ಯ ನೋಡ್ತಿದ್ದ ಅಂತ ಓಡ್ಸಿದೆ."

"ಯೋಚನೆ ಮಾಡಿ ಮಾತಾಡು!" ಎಂದ ಮ್ಯಾನೇಜರು.

"ಮಾಡೇ ಹೇಳ್ತಿದೀನಿ. ನಿನ್ನೆ ಸುಳ್ಳು ಹೇಳಿದ್ದೂ ನಾನೇ. ಅದನ್ನೂ ಬರ್ಕೊಳ್ಳಿ. ಎಲ್ಲಾ ನಂದೇ. ಇನ್ಮೇಲೆ ನಾನು ಕೂಗಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವಂಥದೇನೂ ಇರಲಿಲ್ಲ. ಬೆಟ್ಟದ ಒಬ್ಬ ಎದ್ದುಬಂದು ಅವನ ಕೆನ್ನೆಗೆ ಫಟೀರೆಂದು ಹೊಡೆದ. ಆಮೇಲೆ ಮರಳಿ ಹೋಗಿ ಕುಳಿತ. ಸೊಲ್ಲುಗಾರ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಕುತ್ತಿಗೆಯ ಬಟ್ಟೆ ಬಿಚ್ಚಿ ನೆಲಕ್ಕೆ ಹಾಕಿದ.

ಅಧಿಕಾರಿ ಗಾಯಗೊಂಡವನನ್ನು ಆಸ್ಪತ್ರೆಗೆ ಸಾಗಿಸಲು ಒಪ್ಪಿದ. ಕರುಣೆಯಿಂದಲ್ಲ. ನಾಯಕನನ್ನು ತರಬೇಕೆಂದು ಆರ್ಡರಾಗಿತ್ತು. ನಾಯಕ ಸತ್ತರೆ ಉತ್ತರ ಹೇಳಬೇಕಾದವನು ತಾನು. ಆದರೆ ಜೀಪು ಗೋಡೆಯ ಹತ್ತಿರಕ್ಕೆ ಬರುವಂತಿರಲಿಲ್ಲ. ದಾರಿಯುದ್ದಕ್ಕೂ ಸಿಪ್ಪೆ, ತುಂಡು, ಕೆಸರು. ಬೆಟ್ಟದವರು ಗೋಣಿಯ ನಾಲ್ಕು ಮೂಲೆಗೆ ಹಗ್ಗ ಬಿಗಿದು, ಅಡ್ಡೆ ತೂರಿಸಿದರು. ತಲೆಯ ಕಡೆ ಬುಡದಕ್ಕ ಒಂದು ಹೆಗಲು. ಅವಳೆದುರಿನ ಹೆಗಲಿಗೆ ಸೊಲ್ಲುಗಾರ ಬಂದು ನಿಂತ. ಯಾರೂ ಕರೆದಿರಲಿಲ್ಲ. ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಹೊತ್ತು ಅಭ್ಯಾಸ ಇಲ್ಲ ನಿಂಗೆ."

"ಇಲ್ಲ."

"ಚರ್ಮ ಹೋಗ್ತದೆ."

"ಹೋಗ್ಲಿ."

ಅಡ್ಡೆ ಅವನ ಹೆಗಲ ಮೂಳೆಗೆ ತಾಗಿತು. ರೂಢಿಯಂತೆ ಅವನ ಎದೆ ಉಬ್ಬಿತು, ಬಾಯಿ ತೆರೆಯಿತು. ಎತ್ತಪ್ಪ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ಬಾಯಿ ಮುಚ್ಚಿದ. ಎಲ್ಲರೂ ಕಾಯುತ್ತಿದ್ದರು. ದಿಮ್ಮಿಯ ಮೇಲೆ ಕುಳಿತವರು ಕಾಯುತ್ತಿದ್ದರು, ಅಲ್ಲಿಂದ ಏಳುವ ಯೋಚನೆ ಅವರಿಗಿರಲಿಲ್ಲ. ಮ್ಯಾನೇಜರು ಮೆಟ್ಟಿಲ ಮೇಲೆ ಕಾಯುತ್ತಿದ್ದ. ಗೋಣಿಯಲ್ಲಿ ಮಲಗಿದವನು ಕಣ್ಣು ತೆರೆದು ತಲೆಯ ಮೇಲೆ ಬಾಗಿದ್ದ ಎರಡು ಮುಖಗಳನ್ನು ನೋಡಿದ. ಒಂದನ್ನು ಗುರುತಿಸಿದ. ಇನ್ನೊಂದನ್ನೂ ಗುರುತಿಸಿದ. ಆ ನುಣ್ಣನೆಯ ಹೆಗಲ ಮೇಲಿದ್ದ ಅಡ್ಡೆಯನ್ನು ನೋಡಿದ.

ಆಮೇಲೆ ಉಸಿರು ಬಿಟ್ಟ.

"ಹ್ಞೂಂ."

ಎತ್ತಿದರು.

ಜೀಪಿನವರೆಗೆ ಹೋಗುವಷ್ಟರಲ್ಲಿ ಸೊಲ್ಲುಗಾರನ ಹೆಗಲಿನಿಂದ ರಕ್ತ ಇಳಿದು ಅಂಗಿಯ ತೋಳು ಅಂಟಿಕೊಂಡಿತ್ತು. ಅವನು ಅಡ್ಡೆಯ ಆಚೆಗೆ, ಬುಡದಕ್ಕನ ಹೆಗಲನ್ನು ನೋಡಿದ. ಅಲ್ಲಿ ಜಡ್ಡು ಕಟ್ಟತೊಡಗಿತ್ತು, ಅವನ ಅಪ್ಪನಿಗೆ ಇದ್ದಂಥದು. ಅಡ್ಡೆ ಅದರ ಮೇಲೆ, ತನ್ನದೇ ಜಾಗವೆಂಬಂತೆ, ಅಲುಗದೆ ಕುಳಿತಿತ್ತು.

ಅದನ್ನು ಕಂಡು ಅವನಿಗೆ ಮತ್ತೆ ಹೊಟ್ಟೆಕಿಚ್ಚಾಯಿತು.